ಕಾವೇರಿ ಎಂಜಿನ್ ಹಾರಲಿಲ್ಲ ಅಂತ ನಗುವ ಮುಂಚೆ

ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಿಗೆ ಒಂದು ಫಾರ್ವರ್ಡ್ ವರ್ಷಕ್ಕೆ ಎರಡು ಮೂರು ಸಲವಾದರೂ ಬರುತ್ತದೆ. ತೇಜಸ್ ಯುದ್ಧವಿಮಾನ ಸುದ್ದಿಯಲ್ಲಿದ್ದರೆ ಸಾಕು, ಬಂದೇ ಬರುತ್ತದೆ. ಸಾರಾಂಶ ಇಷ್ಟೆ: ನಲವತ್ತು ವರ್ಷ ಆಯಿತು, ಸಾವಿರಾರು ಕೋಟಿ ಹೋಯಿತು, ಬೆಂಗಳೂರಿನ ಸರ್ಕಾರಿ ಕಂಪನಿಯವರಿಗೆ ನೆಟ್ಟಗೆ ಒಂದು ವಿಮಾನ ಮಾಡಕ್ಕಾಗಲಿಲ್ಲ, ಕೂತು ಸಂಬಳ ತಿಂದರು, ಎಲ್ಲವನ್ನೂ ಖಾಸಗಿಯವರಿಗೆ ಕೊಟ್ಟುಬಿಡಿ. ಕೆಳಗೆ ನಾಲ್ಕು ನಗುವ ಮುಖ. ಎಂಜಿನ್ನಿಗೆ ಕಾವೇರಿ ಅಂತ ಹೆಸರಿಟ್ಟರು, ಅದೂ ಬೇಸಿಗೆಯ ಕಾವೇರಿ ಹಂಗೇ ಬತ್ತಿಹೋಯ್ತು ಅನ್ನುವ ಜೋಕು ಬೇರೆ.

ಇನ್ನೊಂದು ಬಗೆಯ ಫಾರ್ವರ್ಡ್ ಇದಕ್ಕೆ ತದ್ವಿರುದ್ಧ. ಮೂರು ಬಣ್ಣದ ಹೊಗೆ, ಹಿನ್ನೆಲೆಗೆ ಹಾಡು, ಜೈ ಹಿಂದ್. ಪ್ರಪಂಚವೇ ನಮ್ಮ ವಿಮಾನಕ್ಕೆ ಕ್ಯೂ ನಿಂತಿದೆ ಅನ್ನುವ ಮಾತು.

ಎರಡನ್ನೂ ಒಂದೇ ಬೆರಳು ಮುಂದಕ್ಕೆ ಕಳಿಸುತ್ತದೆ, ಅದೇ ನಮಗೆ ಆಶ್ಚರ್ಯ. ನಗುವವರಿಗೂ ಕುಣಿಯುವವರಿಗೂ ಬೆಂಗಳೂರಿನಲ್ಲಿ ವಿಮಾನದ ವಿನ್ಯಾಸ ಅಂತ ಒಂದು ಕೆಲಸ ಹೇಗೆ ಶುರುವಾಯಿತು, ಯಾರು ಅದರ ಕತ್ತು ಹಿಸುಕಿದರು, ಯಾವಾಗ ಮತ್ತೆ ಉಸಿರು ಬಂತು ಅನ್ನುವುದು ಗೊತ್ತಿಲ್ಲ. ಗೊತ್ತಾಗುವಂತೆ ಯಾರೂ ಬರೆಯಲಿಲ್ಲ ಕೂಡ. ಕನ್ನಡ ಪತ್ರಿಕೆಗಳಲ್ಲಿ ಎಚ್‌ಎಎಲ್ ಬರುವುದು ಮೂರು ಸಲ: ಅಪ್ರೆಂಟಿಸ್ ಅರ್ಜಿ ಕರೆದಾಗ, ಏರೋ ಇಂಡಿಯಾಗೆ ಯಲಹಂಕದ ರಸ್ತೆ ಜಾಮ್ ಆದಾಗ, ವಿಮಾನ ಬಿದ್ದಾಗ.

ನಮ್ಮ ವಾದ ಮೊದಲೇ ಹೇಳಿಬಿಡುತ್ತೇವೆ. ಸೋತದ್ದು ವಿನ್ಯಾಸಕಾರರಲ್ಲ. ಅವರ ಕೋಣೆಯ ಬಾಗಿಲನ್ನು ಸರ್ಕಾರಗಳು ಎರಡೆರಡು ಸಲ ಮುಚ್ಚಿ, ಆಮೇಲೆ ಒಳಗೆ ಯಾಕೆ ಕತ್ತಲೆ ಅಂತ ಬೈದವು.

ಮೊದಲಿಂದ ಬರೋಣ.

1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಹುಟ್ಟಿತು. ವಾಲ್‌ಚಂದ್ ಹೀರಾಚಂದ್ ಅನ್ನುವ ಉದ್ಯಮಿ, ಜೊತೆಗೆ ಮೈಸೂರು ಸರ್ಕಾರ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. ಮೈಸೂರು ಸರ್ಕಾರ 25 ಲಕ್ಷ ಹಾಕಿತು, ಸುಮಾರು 700 ಎಕರೆ ಜಾಗ ಕೊಟ್ಟಿತು. ಕಾರ್ಖಾನೆ ನಡೆಸಲು ಬೆಂಗಳೂರಿನಲ್ಲಿ ವಿದ್ಯುತ್ ಇತ್ತು. 1905ರಿಂದಲೇ ಶಿವನಸಮುದ್ರದ ಕರೆಂಟು ಅಲ್ಲಿಗೆ ಹರಿಯುತ್ತಿತ್ತು. ನಮ್ಮ ಭರಚುಕ್ಕಿಯ ಎದುರು ದಡದಲ್ಲಿ ತಯಾರಾದ ಕರೆಂಟು ಅದು.

ಹಾಗಂತ ನಾವು ಕೊಳ್ಳೇಗಾಲದವರು ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಆಗ ಕೊಳ್ಳೇಗಾಲ, ಹನೂರು ಮೈಸೂರಿನಲ್ಲೇ ಇರಲಿಲ್ಲ. ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಯಳಂದೂರಿನವರು ಮಾತ್ರ ಮೈಸೂರಿನವರು, ದಿವಾನ್ ಪೂರ್ಣಯ್ಯನವರ ಜಹಗೀರು. ಆದ್ದರಿಂದ ಮೈಸೂರು ಹಾಕಿದ 25 ಲಕ್ಷದ ಬಗ್ಗೆ ಯಳಂದೂರಿನವರು ಬೇಕಾದರೆ ಮಾತಾಡಲಿ.

ಯುದ್ಧ ಜೋರಾಯಿತು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಪಾಲನ್ನು ಕೊಂಡುಕೊಂಡಿತು, ಮರುವರ್ಷ ಆಡಳಿತ ಅಮೆರಿಕದ ಸೈನ್ಯದ ಕೈಗೆ ಹೋಯಿತು. ಕಾರ್ಖಾನೆ ವಿಮಾನ ರಿಪೇರಿ ಮಾಡುವ ದೊಡ್ಡ ಗ್ಯಾರೇಜಾಯಿತು. ಯುದ್ಧ ಮುಗಿದ ಮೇಲೆ ರಿಪೇರಿಯೂ ಕಮ್ಮಿ. ಆಗ ಹೊಟ್ಟೆಪಾಡಿಗೆ ಅಲ್ಲಿ ಮಾಡಿದ್ದು ರೈಲು ಬೋಗಿ, ಬಸ್ಸಿನ ಬಾಡಿ! ಆ ಬೋಗಿ ವಿಭಾಗವೇ ಮುಂದೆ ಬಿಇಎಂಎಲ್ ಆಯಿತು.

ಈ ಗದ್ದಲದ ಮಧ್ಯೆ ಒಬ್ಬರು ಕೂತು ಗೆರೆ ಎಳೆಯುತ್ತಿದ್ದರು. ಡಾ. ವಿ.ಎಂ. ಘಾಟಗೆ. ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಗಾಳಿಯ ಹರಿವಿನ ಶಾಸ್ತ್ರದ ದೊಡ್ಡ ಗುರು ಪ್ರಾಂಟ್ಲ್ ಹತ್ತಿರ ಓದಿ ಬಂದವರು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಈಗಿನ ಐಐಎಸ್‌ಸಿಯಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಶುರು ಮಾಡಿದವರೂ ಅವರೇ. ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ನೂರೈವತ್ತಕ್ಕೂ ಹೆಚ್ಚು ತಯಾರಾದವು. ವಾಯುಪಡೆಯ ಒಂದಿಡೀ ತಲೆಮಾರಿನ ಪೈಲಟ್‌ಗಳು ಅದರಲ್ಲಿ ಹಾರಲು ಕಲಿತರು. ಆಫ್ರಿಕಾದ ಘಾನಾ 12 ವಿಮಾನ ಕೊಂಡಿತು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷಕ್ಕೆ ನಮ್ಮದೇ ವಿನ್ಯಾಸದ ವಿಮಾನ ಹಾರಿತ್ತು ಅನ್ನುವುದನ್ನು ಮೊದಲನೇ ಫಾರ್ವರ್ಡ್ ಬರೆದವರು ಕೇಳಿಯೇ ಇಲ್ಲ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಆಗಸ್ಟಿನಲ್ಲಿ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದಿಳಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕೆ-ವುಲ್ಫ್ 190 ಮಾಡಿಕೊಟ್ಟ ಆಸಾಮಿ. ಅವರ ಜೊತೆ ಹದಿನೆಂಟು ಜರ್ಮನ್ ಎಂಜಿನಿಯರುಗಳು. ಶಬ್ದದ ವೇಗ ಮೀರುವ ಯುದ್ಧವಿಮಾನ ಮಾಡಿಕೊಡಿ ಎಂದು ನೆಹರೂ ಸರ್ಕಾರ ಕೇಳಿತ್ತು. ಅಲ್ಲಿಯವರೆಗೆ ಪುಟ್ಟ ತರಬೇತಿ ವಿಮಾನವಷ್ಟೇ ಮಾಡಿದ್ದ ಜಾಗ ಅದು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿದರು, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ ಎಪ್ಪತ್ತೆಂಟು ಸಲ ಹಾರಿಸಿ ನೋಡಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅದರ ನಿಜರೂಪವನ್ನು ಹಾರಿಸಿದರು. ಎಚ್‌ಎಫ್-24 ಮಾರುತ್. ಐದು ವರ್ಷದೊಳಗೆ! ಈಗ ಯಾವ ದೇಶವೂ ಈ ಅವಧಿಯಲ್ಲಿ ಸೊನ್ನೆಯಿಂದ ಶುರುಮಾಡಿ ಯುದ್ಧವಿಮಾನ ಹಾರಿಸುವುದಿಲ್ಲ.

ಮುಂದೆ ಆದದ್ದನ್ನು ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇವೆ. ಹೊಸ ಟ್ರ್ಯಾಕ್ಟರ್ ಕಟ್ಟಿದ್ದೀರಿ, ಐವತ್ತು ಎಚ್‌ಪಿ ಎಂಜಿನ್ ಬರುತ್ತದೆ ಅಂತ ಚಾಸಿ ಮಾಡಿದ್ದೀರಿ. ಎಂಜಿನ್ ಕೊಡುತ್ತೇನೆ ಅಂದವನು ಕೈ ಎತ್ತಿದ. ಪವರ್ ಟಿಲ್ಲರಿನ ಎಂಜಿನ್ ಕೂರಿಸಿ ಉಳಿ ಅಂದರೆ ಉತ್ತೀತೇ? ಮಾರುತ್‌ಗೆ ಆದದ್ದು ಇದೇ. ಆ ವಿಮಾನವನ್ನು ಬ್ರಿಟನ್ನಿನ ಆರ್ಫಿಯಸ್ 12 ಎಂಬ ಎಂಜಿನ್ ನಂಬಿ ಗೆರೆ ಹಾಕಿದ್ದರು. ಬ್ರಿಟಿಷರು ಆ ಎಂಜಿನ್ನಿನ ಕೆಲಸ ನಿಲ್ಲಿಸಿದರು. ಬೇಕಿದ್ದರೆ ಅಭಿವೃದ್ಧಿಯ ಖರ್ಚು ನೀವು ಕೊಡಿ ಎಂದರು. ದೆಹಲಿ ಕೊಡಲಿಲ್ಲ. ಕಮ್ಮಿ ಶಕ್ತಿಯ ಆರ್ಫಿಯಸ್ 703 ಕೂರಿಸಿದರು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ ಹಾಕುವ ಪ್ರಯತ್ನವೂ ಕೈಗೂಡಲಿಲ್ಲ. ನಮ್ಮವರೇ ಹಳೆ ಎಂಜಿನ್ನಿಗೆ ಬೆಂಕಿ ಹೆಚ್ಚಿಸುವ ವ್ಯವಸ್ಥೆ ಮಾಡಿ ಹಾರಿಸಿ ನೋಡಿದರು. ಹಾಗೆ ಪರೀಕ್ಷೆ ಮಾಡುವಾಗಲೇ 1970ರ ಜನವರಿ 10ರಂದು ವಿಮಾನ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನ ಎಚ್‌ಎಎಲ್ ಪಕ್ಕದ ರಸ್ತೆಗೆ ಅವರ ಹೆಸರಿದೆ. ಆ ರಸ್ತೆಯಲ್ಲಿ ಡೆಲಿವರಿ ಗಾಡಿ ಓಡಿಸುವ ನಮ್ಮ ಹುಡುಗರು ಎಷ್ಟೋ ಮಂದಿ. ಆ ದಾಸ್ ಯಾರು ಅಂತ ಕೇಳಿದರೆ ಯಾವುದೋ ಬಡಾವಣೆಯ ಹಳೆ ರಾಜಕಾರಣಿ ಅಂದುಕೊಂಡಿದ್ದಾರೆ.

ಆದರೂ ಮಾರುತ್ 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಹೋಗಿ ಬಾಂಬು ಹಾಕಿ ಬಂದವು. ಆಕಾಶದ ಕಾದಾಟದಲ್ಲಿ ಒಂದೂ ಉರುಳಲಿಲ್ಲ. ಒಂದು ಮಾರುತ್ ಪಾಕಿಸ್ತಾನದ ಸೇಬರ್ ವಿಮಾನವನ್ನೇ ಹೊಡೆದುರುಳಿಸಿತು. ಅರ್ಧ ಶಕ್ತಿಯ ಎಂಜಿನ್ ಇಟ್ಟುಕೊಂಡು ಇಷ್ಟು.

ಎಂಜಿನ್ನಿಗೆ ದುಡ್ಡು ಕೊಡದ ಅದೇ ಕಾಲದಲ್ಲಿ, 1962ರಲ್ಲಿ, ಸೋವಿಯತ್ ಒಕ್ಕೂಟದ ಮಿಗ್-21 ಇಲ್ಲಿ ಜೋಡಿಸುವ ಒಪ್ಪಂದ ಆಯಿತು. ಚೀನಾದ ಯುದ್ಧದ ಪೆಟ್ಟು, ಪಾಕಿಸ್ತಾನಕ್ಕೆ ಅಮೆರಿಕದ ವಿಮಾನ ಬಂದ ಭಯ, ಎಲ್ಲವೂ ಇತ್ತು. ಆ ಹೊತ್ತಿಗೆ ವಿಮಾನ ತರಿಸಿದ್ದು ತಪ್ಪು ಅಂತ ನಾವು ಹೇಳುತ್ತಿಲ್ಲ. ಮಿಗ್ ತಂದದ್ದು ಸರಿ, ಮಾರುತ್ ಮಾಡಿದವರನ್ನು ಕೈಬಿಟ್ಟದ್ದು ತಪ್ಪು. 1964ರಲ್ಲಿ ಎಲ್ಲ ಕಾರ್ಖಾನೆ ಸೇರಿಸಿ ಈಗಿನ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಕಾರ್ಖಾನೆಗಳು ಬೆಳೆದವು, ವಿನ್ಯಾಸದ ಕೋಣೆ ಸೊರಗಿತು. ಕಿರಣ್ ತರಬೇತಿ ವಿಮಾನ ಬಂತು, ಹೊಲಕ್ಕೆ ಔಷಧಿ ಹೊಡೆಯುವ ಬಸಂತ್ ಕೂಡ ಬಂತು. ಆದರೆ ಮಾರುತ್ ಆದ ಮೇಲೆ ಮತ್ತೊಂದು ಯುದ್ಧವಿಮಾನಕ್ಕೆ ಯಾರೂ ಇಪ್ಪತ್ತು ವರ್ಷ ಹಸಿರು ನಿಶಾನೆ ತೋರಿಸಲಿಲ್ಲ.

ಜೋಡಿಸುವುದು ಬೇರೆ, ವಿನ್ಯಾಸ ಬೇರೆ. ಕೊಳ್ಳೇಗಾಲದ ಮೋಟಾರ್ ವೈಂಡಿಂಗ್ ಅಂಗಡಿಯವರು ಸುಟ್ಟ ಪಂಪ್‌ಸೆಟ್ಟನ್ನು ಸಂಜೆಯೊಳಗೆ ಓಡಿಸಿಕೊಡುತ್ತಾರೆ. ಹೊಸ ಮೋಟಾರು ಯೋಚಿಸಿ ಮಾಡಿ ಅಂದರೆ ಅದು ಬೇರೆಯದೇ ವಿದ್ಯೆ. ರೇಷ್ಮೆ ಸಾಕುವವರಿಗೆ ಇದು ಇನ್ನೂ ಸಲೀಸಾಗಿ ಅರ್ಥವಾದೀತು. ನಾವು ಮಾರುಕಟ್ಟೆಗೆ ಹಾಕುವುದು ನೂಲು ಬಿಚ್ಚುವ ಗೂಡು. ಆದರೆ ಕುಣಿಗಲ್, ಮಾಗಡಿ ಕಡೆ ಬಿತ್ತನೆ ಗೂಡಿಗೆ ಅಂತಲೇ ಪ್ರದೇಶ ಮೀಸಲಿದೆ, ಮೈಸೂರು ತಳಿ ಅಲ್ಲಿ ಉಳಿದಿದೆ. ಒಂದು ವರ್ಷ ದುರಾಸೆ ಬಿದ್ದು ಬಿತ್ತನೆ ಗೂಡನ್ನೆಲ್ಲ ಬಿಸಿನೀರಿಗೆ ಹಾಕಿಬಿಟ್ಟರೆ ಆ ವರ್ಷ ನೂಲು ಜಾಸ್ತಿ ಬಂದೀತು, ಮುಂದಿನ ವರ್ಷ ಮೊಟ್ಟೆಗೆ ಚೀನಾದವರ ಬಾಗಿಲಿಗೆ ಹೋಗಬೇಕು. ಘಾಟಗೆ, ಟ್ಯಾಂಕ್ ಕೈಕೆಳಗೆ ಪಳಗಿದ ಎಂಜಿನಿಯರುಗಳು ಈ ದೇಶದ ಬಿತ್ತನೆ ಗೂಡು. ಅವರು ಒಬ್ಬೊಬ್ಬರಾಗಿ ನಿವೃತ್ತಿಯಾದರು. ಅವರಿಂದ ಕಲಿಯಬೇಕಾದವರ ಮುಂದೆ ಹೊಸ ಯುದ್ಧವಿಮಾನದ ಕೆಲಸವೇ ಇರಲಿಲ್ಲ.

ಈಗ ಆ ಪ್ರಸಿದ್ಧ ನಲವತ್ತು ವರ್ಷಕ್ಕೆ ಬರೋಣ.

ಲಘು ಯುದ್ಧವಿಮಾನಕ್ಕೆ ಸರ್ಕಾರ ಒಪ್ಪಿದ್ದು 1983ರಲ್ಲಿ, 560 ಕೋಟಿಗೆ. 1984ರಲ್ಲಿ ಬೆಂಗಳೂರಿನಲ್ಲೇ ಎಡಿಎ ಎಂಬ ಹೊಸ ಸಂಸ್ಥೆ ಮಾಡಿದರು. ಎಚ್‌ಎಎಲ್ ಒಳಗಿನ ವಿನ್ಯಾಸ ವಿಭಾಗಕ್ಕೆ ಕೊಡದೆ ಹೊರಗೆ ಬೇರೆ ಸಂಸ್ಥೆ ಯಾಕೆ ಬೇಕಿತ್ತು? ವಿನ್ಯಾಸ ಒಬ್ಬರದು, ತಯಾರಿ ಇನ್ನೊಬ್ಬರದು, ಎಂಜಿನ್ ಮೂರನೆಯವರದು ಆಯಿತು. ತಪ್ಪಾದಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದಕ್ಕೆ ಅನುಕೂಲವಾಯಿತು. ನಮ್ಮ ಊರಿನ ಕೆರೆ ಸಣ್ಣ ನೀರಾವರಿಯದೋ ಪಂಚಾಯಿತಿಯದೋ ಅಂತ ಇಲ್ಲಿಯವರೆಗೂ ಇತ್ಯರ್ಥವಾಗಿಲ್ಲವಲ್ಲ, ಹಾಗೆ.

ಮಾದರಿ ವಿಮಾನ ಕಟ್ಟಲು ನಿಜವಾದ ದೊಡ್ಡ ದುಡ್ಡು, 2,188 ಕೋಟಿ, ಮಂಜೂರಾದದ್ದು 1993ರಲ್ಲಿ. ಹತ್ತು ವರ್ಷ ಕಾಗದದಲ್ಲೇ ಹೋಯಿತು. ಫಾರ್ವರ್ಡ್ ಮಾಡುವವರು 1983ರಿಂದ ಎಣಿಸುತ್ತಾರೆ. ಸೈಟು ತೋರಿಸಿ ಹತ್ತು ವರ್ಷ ಆದ ಮೇಲೆ ಮನೆಗೆ ಹಣ ಬಿಡುಗಡೆ ಮಾಡಿ, ಹತ್ತು ವರ್ಷದಿಂದ ಗೋಡೆ ಎಬ್ಬಿಸಿಲ್ಲ ಅಂತ ಫಲಾನುಭವಿಗೆ ಬೈದ ಹಾಗಿದೆ ಇದು. ಆಶ್ರಯ ಮನೆಗೆ ಅಲೆದವರಿಗೆ ಹೆಚ್ಚು ಹೇಳಬೇಕಿಲ್ಲ.

1998ರಲ್ಲಿ ಪೋಖ್ರಾನ್ ಅಣುಪರೀಕ್ಷೆ ಆಯಿತು. ವಿಮಾನವನ್ನು ಗಾಳಿಯಲ್ಲಿ ನೆಟ್ಟಗಿಡುವ ಕಂಪ್ಯೂಟರ್ ವ್ಯವಸ್ಥೆಯ ಕೆಲಸಕ್ಕೆ ನಮ್ಮ ಎಂಜಿನಿಯರುಗಳು ಅಮೆರಿಕದಲ್ಲಿದ್ದರು. ಅವರನ್ನು ವಾಪಸ್ ಕಳಿಸಿದರು, ಸಾಮಾನು ತಡೆಹಿಡಿದರು. ಬೆಂಗಳೂರಿಗೆ ಬಂದು ಇಲ್ಲೇ ಕೂತು ಆ ಕೆಲಸ ಮುಗಿಸಿದರು. ಕೋಟಾ ಹರಿನಾರಾಯಣ ಮುಖ್ಯಸ್ಥರಾಗಿದ್ದ ಕಾಲ. 2001ರ ಜನವರಿ 4ರಂದು ವಿಮಾನ ಹಾರಿತು. 1993ರಿಂದ ಎಂಟು ವರ್ಷಕ್ಕೆ ಸ್ವಲ್ಪ ಕಮ್ಮಿ.

ಕಾವೇರಿಯ ವಿಷಯ. ಜಿಟಿಆರ್‌ಇ ಅನ್ನುವ ಸಂಸ್ಥೆಗೆ 1989ರಲ್ಲಿ 382 ಕೋಟಿ ಕೊಟ್ಟು ಎಂಜಿನ್ ಮಾಡಿ ಅಂದರು. ಮುಂದೆ ಖರ್ಚು ಎರಡು ಸಾವಿರ ಕೋಟಿ ದಾಟಿತು. 81 ಕಿಲೋನ್ಯೂಟನ್ ಒತ್ತುಬಲ ಬೇಕಿತ್ತು, ಎಪ್ಪತ್ತು ಎಪ್ಪತ್ತೈದರ ಹತ್ತಿರ ನಿಂತಿತು, ತೂಕವೂ ಹೆಚ್ಚಾಯಿತು. 2008ರಲ್ಲಿ ತೇಜಸ್‌ನಿಂದ ಬಿಡಿಸಿದರು. ಸೋಲೇ ಇದು, ಅಲ್ಲ ಅನ್ನುವುದಿಲ್ಲ. ಆದರೆ ಅಂಥ ಎಂಜಿನ್ನಿನ ಒಳಗೆ ಬೀಸುವ ಗಾಳಿಯ ಬಿಸಿ ಅಲ್ಲಿನ ಲೋಹ ಕರಗುವ ಬಿಸಿಗಿಂತ ಹೆಚ್ಚು. ಆ ಬಿಸಿಯಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ರೆಕ್ಕೆಗಳನ್ನು ಎರಕ ಹೊಯ್ಯುವ ವಿದ್ಯೆ ಗೊತ್ತಿರುವ ದೇಶಗಳು ಬೆರಳೆಣಿಕೆ. ಅವರು ಅದನ್ನು ಮಾರುವುದೂ ಇಲ್ಲ. ಎತ್ತರದ ತೆಳು ಗಾಳಿಯಲ್ಲಿ ಎಂಜಿನ್ ಹೇಗೆ ಓಡುತ್ತದೆ ಅಂತ ನೋಡುವ ಸೌಕರ್ಯ ನಮ್ಮಲ್ಲಿ ಇಲ್ಲದ್ದರಿಂದ 2010ರಲ್ಲಿ ಕಾವೇರಿಯನ್ನು ರಷ್ಯಾಕ್ಕೆ ಹೊತ್ತುಕೊಂಡು ಹೋಗಿ ಪರೀಕ್ಷಿಸಬೇಕಾಯಿತು. ಗರಡಿಮನೆ ಕಟ್ಟಿಸಿಕೊಡದೆ ಕುಸ್ತಿಯಲ್ಲಿ ಯಾಕೆ ಬಿದ್ದೆ ಅಂದರೆ ಏನು ಹೇಳುವುದು? ಈಗ ಅದೇ ಕಾವೇರಿಯ ಇನ್ನೊಂದು ರೂಪವನ್ನು ಪೈಲಟ್ ಇಲ್ಲದ ವಿಮಾನಕ್ಕೆ ಬಳಸುವ ಕೆಲಸ ನಡೆದಿದೆ. ಬತ್ತಿಲ್ಲ ಅದು.

ಎಂಜಿನ್ ಪರರದಾದರೆ ಏನಾಗುತ್ತದೆ ಅನ್ನುವುದು ಈಗ ಕಣ್ಣ ಮುಂದಿದೆ. 2021ರ ಫೆಬ್ರುವರಿಯಲ್ಲಿ ಸುಮಾರು 48,000 ಕೋಟಿಗೆ 83 ತೇಜಸ್ ಮಾರ್ಕ್ 1ಎ ಆರ್ಡರ್ ಆಯಿತು. 2024ರಲ್ಲಿ ಕೊಡಲು ಶುರು ಮಾಡಬೇಕಿತ್ತು. ಅಮೆರಿಕದ ಜಿಇ ಕಂಪನಿ ಇದಕ್ಕೆ ಕೊಡಬೇಕಿದ್ದ ಮೊದಲನೇ ಎಂಜಿನ್ ಬಂದದ್ದೇ 2025ರ ಮಾರ್ಚಿನಲ್ಲಿ. 1960ರಲ್ಲಿ ಆರ್ಫಿಯಸ್ ಕತೆ, ಅರವತ್ತು ವರ್ಷ ಆದ ಮೇಲೆ ಮತ್ತೆ ಅದೇ ಕತೆ.

ಎಚ್‌ಎಎಲ್‌ನವರು ಸಾಚಾ ಅಂತ ನಾವು ಸರ್ಟಿಫಿಕೇಟ್ ಕೊಡುತ್ತಿಲ್ಲ. ಎಂಜಿನ್ ಒಂದೇ ನೆಪ ಅಲ್ಲ, ತಡಕ್ಕೆ ಅವರ ಒಳಗಿನ ಕಾರಣಗಳೂ ಇವೆ. ಸಿತಾರಾ ಎಂಬ ತರಬೇತಿ ಜೆಟ್ 2003ರಲ್ಲೇ ಹಾರಿ ಎರಡು ದಶಕ ಆದರೂ ವಾಯುಪಡೆ ಸೇರಲಿಲ್ಲ. 2025ರ ಏರೋ ಇಂಡಿಯಾದಲ್ಲಿ ವಾಯುಪಡೆಯ ಮುಖ್ಯಸ್ಥರೇ ನಿಮ್ಮ ಮೇಲೆ ನಂಬಿಕೆ ಇಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ್ದು ವಿಡಿಯೊದಲ್ಲಿ ಎಲ್ಲರೂ ನೋಡಿದ್ದಾರೆ. ಸ್ಪರ್ಧೆ ಇಲ್ಲದ ಸರ್ಕಾರಿ ಕಂಪನಿಗೆ ಬರುವ ಜಡ್ಡು ಇದಕ್ಕೂ ಬಂದಿದೆ. ಆದರೆ ಅದೇ ಕಂಪನಿ ಎಚ್‌ಟಿಟಿ-40 ವಿಷಯದಲ್ಲಿ ಏನು ಮಾಡಿತು ನೋಡಿ. ವಾಯುಪಡೆ ಸ್ವಿಟ್ಜರ್ಲೆಂಡಿನ 75 ಪಿಲಾಟಸ್ ವಿಮಾನ ಕೊಂಡಿತು, ನಿಮ್ಮದು ಬೇಡ ಎಂದಿತು. ಎಚ್‌ಎಎಲ್ ತನ್ನ ದುಡ್ಡಿನಲ್ಲೇ ವಿನ್ಯಾಸ ಮುಂದುವರಿಸಿ 2016ರಲ್ಲಿ ಹಾರಿಸಿತು. 2023ರಲ್ಲಿ ಸರ್ಕಾರವೇ 70 ವಿಮಾನ ಆರ್ಡರ್ ಮಾಡಿತು. ಕೋಣೆಯಲ್ಲಿ ದೀಪ ಆರದಂತೆ ನೋಡಿಕೊಂಡರೆ ಕೆಲಸ ಆಗುತ್ತದೆ.

ಇನ್ನು ದುಡ್ಡು. 2016ರಲ್ಲಿ 36 ರಫೇಲ್‌ಗೆ ಸುಮಾರು 59,000 ಕೋಟಿ ಕೊಟ್ಟೆವು. ಕಾವೇರಿಗೆ ಎಲ್ಲಾ ಸೇರಿ ಎರಡು ಸಾವಿರ ಕೋಟಿ ಚಿಲ್ಲರೆ. ಒಂದು ಖರೀದಿ, ಇನ್ನೊಂದು ಸಂಶೋಧನೆ, ವರ್ಷವೂ ಬೇರೆ, ಒಂದರ ಪಕ್ಕ ಒಂದು ಇಡುವುದು ಪೂರ್ತಿ ನ್ಯಾಯವಲ್ಲ. ಆದರೆ ಯಾವುದಕ್ಕೆ ಕೈ ಬಿಗಿ, ಯಾವುದಕ್ಕೆ ಕೈ ಸಡಿಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಿಲ್ಲ.

ಬೋರು ಬತ್ತಿದೆ, ಆನೆ ಬಂದು ಫಸಲು ತುಳಿದಿದೆ, ನಮಗ್ಯಾಕ್ ಬುಡಿ ವಿಮಾನದ ಮಾತು ಅಂತ ಹನೂರಿನ ಕಡೆಯವರು ಕೇಳಬಹುದು. ಒಪ್ಪುತ್ತೇವೆ. ಆದರೆ ವಿಮಾನ ನಮ್ಮನ್ನು ಹುಡುಕಿಕೊಂಡು ಬರುವುದು ಬೇರೆ ದಾರಿಯಲ್ಲಿ. ಜಮೀನಿನ ನೋಟಿಸಾಗಿ ಬರುತ್ತದೆ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಕೇಳಿದ್ದು ರಕ್ಷಣೆ ಮತ್ತು ವಿಮಾನ ಪಾರ್ಕಿಗೆ. ರೈತರು 1,198 ದಿನ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಕೈಬಿಟ್ಟೆವು ಎಂದರು. ಕೂಡಲೇ ಆಂಧ್ರದ ಸಚಿವ ನಾರಾ ಲೋಕೇಶ್ ನಮ್ಮಲ್ಲಿ 8,000 ಎಕರೆ ಇದೆ, ಬನ್ನಿ ಎಂದು ಕಂಪನಿಗಳನ್ನು ಕರೆದರು. ನಮ್ಮ ಟಿವಿಗಳು ರೈತರ ಹಟದಿಂದ ವಿಮಾನ ಉದ್ಯಮ ಪಕ್ಕದ ರಾಜ್ಯಕ್ಕೆ ಹೋಗುತ್ತದೆ ಅಂತ ಚರ್ಚೆ ಶುರು ಮಾಡಿದವು. ಗುಬ್ಬಿ ಹತ್ತಿರ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 615 ಎಕರೆ ಆಗಲೇ ಹೋಗಿದೆ. ಕೈಗಾರಿಕೆಗೆ ಅಂತ ಬದನಗುಪ್ಪೆ, ಕೆಲ್ಲಂಬಳ್ಳಿಯಲ್ಲಿ ಜಮೀನು ಹೋದದ್ದು ನಮ್ಮದೇ ಜಿಲ್ಲೆಯಲ್ಲಿ.

ಜಮೀನು ಇಲ್ಲದ್ದರಿಂದ ನಮ್ಮಲ್ಲಿ ವಿಮಾನ ವಿನ್ಯಾಸ ಕುಂಟಿತು ಅನ್ನುವುದಕ್ಕೆ ಈ ಎಂಬತ್ತೈದು ವರ್ಷದ ಚರಿತ್ರೆಯಲ್ಲಿ ಒಂದು ಉದಾಹರಣೆ ತೋರಿಸಿ ನೋಡೋಣ. 1940ರಲ್ಲೇ 700 ಎಕರೆ ಇತ್ತು. ಮಾರುತ್‌ಗೆ ಎಂಜಿನ್ ಇರಲಿಲ್ಲ, ತೇಜಸ್‌ಗೆ ಹತ್ತು ವರ್ಷ ಹಣ ಇರಲಿಲ್ಲ, ಕಾವೇರಿಗೆ ಪರೀಕ್ಷಾ ಕೇಂದ್ರ ಇರಲಿಲ್ಲ. ಎಕರೆ ಎಂದೂ ಕಮ್ಮಿ ಬಿದ್ದಿಲ್ಲ.

ಆದ್ದರಿಂದ ನಾಳೆ ಯಾರಾದರೂ ಏರೋಸ್ಪೇಸ್ ಹೆಸರು ಹೇಳಿಕೊಂಡು ನಿಮ್ಮ ಹೋಬಳಿಗೆ ಬಂದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಇಲ್ಲಿ ಏನಾದರೂ ವಿನ್ಯಾಸ ಆಗುತ್ತದೋ, ಹೊರಗಿಂದ ಬಂದ ಬಿಡಿಭಾಗಕ್ಕೆ ನಟ್ಟು ಬಿಗಿಯುತ್ತಾರೋ? ನಮ್ಮ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರನ್ನು ಒಂದು ವರ್ಷ ಅಪ್ರೆಂಟಿಸ್ ಇಟ್ಟು ಮನೆಗೆ ಕಳಿಸುತ್ತೀರೋ, ಗೆರೆ ಎಳೆಯುವ ಮೇಜಿನ ಹತ್ತಿರಕ್ಕೂ ಬಿಡುತ್ತೀರೋ? ಎಂಜಿನ್ ಪರೀಕ್ಷಾ ಕೇಂದ್ರಕ್ಕೆ ಈ ಸಲದ ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದೀರಿ? ಉತ್ತರ ಬರೆದುಕೊಡಲಿ, ಸಭೆಯ ನಡಾವಳಿ ಪುಸ್ತಕಕ್ಕೆ ಸೇರಲಿ.

ಮೇಷ್ಟ್ರುಗಳಿಗೂ ಒಂದು ಮಾತು. ಬೆಂಗಳೂರಿಗೆ ಶಾಲೆ ಪ್ರವಾಸ ಹೋದಾಗ ಮಕ್ಕಳನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೀರಲ್ಲ, ಅದರ ಹೊರಗೆ ಒಂದು ಮಾರುತ್ ನಿಂತಿದೆ. ಸಾಮಾನ್ಯವಾಗಿ ಅದರ ಮೂಗಿನ ಮುಂದೆ ನಿಲ್ಲಿಸಿ ಫೋಟೊ ತೆಗೆದು ಬಸ್ಸು ಹತ್ತಿಸುತ್ತೀರಿ. ಈ ಸಲ ಹಿಂದಕ್ಕೆ ಕರೆದುಕೊಂಡು ಹೋಗಿ, ಎಂಜಿನ್ನಿನ ಬೆಂಕಿ ಹೊರಬರುವ ಎರಡು ಬಾಯಿ ತೋರಿಸಿ, ಇದರೊಳಗೆ ಇರಬೇಕಾಗಿದ್ದ ಎಂಜಿನ್ ಯಾಕೆ ಬರಲಿಲ್ಲ ಅನ್ನುವುದನ್ನು ಐದು ನಿಮಿಷ ನಿಂತು ಹೇಳಿ.